ಸ್ಟೇಟ್ ಟ್ಯಾಕ್ಸ್ ಇಲ್ಲದ ಕಡೆ ಹೋದರೆ ನಿಜಕ್ಕೂ ಎಷ್ಟು ಉಳಿಯುತ್ತದೆ? ಸಾಂಟಾ ಕ್ಲಾರಾ ಬಿಟ್ಟು ಕಾಲಿನ್ ಕೌಂಟಿಗೆ ಹೊರಟ ಒಂದು ಕುಟುಂಬದ ಲೆಕ್ಕ

"ಟೆಕ್ಸಾಸ್‌ನಲ್ಲಿ ಸ್ಟೇಟ್ ಟ್ಯಾಕ್ಸೇ ಇಲ್ಲ, ಇಲ್ಲೇನು ಮಾಡ್ತಿದ್ದೀರಿ?" ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡದವರ ಮನೆಗಳಲ್ಲಿ ಈ ಮಾತು ಆಗಾಗ ಬರುತ್ತದೆ. ಮಾತು ನಿಜ. ಟೆಕ್ಸಾಸ್‌ನಲ್ಲಿ ಆದಾಯ ತೆರಿಗೆ ಇಲ್ಲ. ಮುಂದೆಯೂ ಹಾಕಬಾರದು ಅಂತ 2019ರಲ್ಲಿ ಅಲ್ಲಿನ ಮತದಾರರು ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದಿದ್ದಾರೆ. ಆದರೆ ಈ ಒಂದು ಮಾತು ಸಾಕು ಅಂತ ಗಂಟುಮೂಟೆ ಕಟ್ಟಿದರೆ ಕೈಯಲ್ಲಿ ಉಳಿಯುವ ದುಡ್ಡು ಜಾಸ್ತಿ ಆಗಬಹುದು, ಕಡಿಮೆಯೂ ಆಗಬಹುದು.

ಇಲ್ಲಿರುವುದು ಒಂದೇ ಕುಟುಂಬದ ಲೆಕ್ಕ. 2025ರ ಮಾರ್ಚ್, ಏಪ್ರಿಲ್‌ನಲ್ಲಿ ಅವರ ಜೊತೆ ಕೂತು ಹಾಕಿದ್ದು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಕಂಪನಿ ಬಿಟ್ಟಿದ್ದೇನೆ. ಸಂಬಳವನ್ನು ಹತ್ತಿರದ ಸಾವಿರಕ್ಕೆ ತಂದಿದ್ದೇನೆ.

ಯಾರು, ಎಲ್ಲಿಂದ, ಎಲ್ಲಿಗೆ

ಗಂಡ ದಾವಣಗೆರೆಯವರು, ಹೆಂಡತಿ ಶಿವಮೊಗ್ಗದವರು. ಸಾಂಟಾ ಕ್ಲಾರಾ ಕೌಂಟಿಯ ಸನ್ನಿವೇಲ್‌ನಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್, ತಿಂಗಳ ಬಾಡಿಗೆ 3,700 ಡಾಲರ್. ಗಂಡ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದಾರೆ, ವರ್ಷದ ಸಂಬಳ 1,75,000 ಡಾಲರ್. ಹೆಂಡತಿ ಎಚ್-4 ಇಎಡಿ, ಅಂದರೆ ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ ಸಿಗುವ ಕೆಲಸದ ಪರವಾನಗಿ ಮೇಲೆ ಕೆಲಸ ಮಾಡುತ್ತಾರೆ, ಸಂಬಳ 88,000. ಅಲ್ಲೇ ಹುಟ್ಟಿದ ಮಗಳಿಗೆ ಆಗಷ್ಟೇ ನಾಲ್ಕು ತುಂಬಿತ್ತು. ಡೇಕೇರ್‌ಗೆ ತಿಂಗಳಿಗೆ 2,400. ಬ್ಯಾಂಕಿನಲ್ಲಿ 1,40,000 ಉಳಿತಾಯ.

ಸನ್ನಿವೇಲ್ ಸುತ್ತಮುತ್ತ ಸಾಧಾರಣ ಒಂಟಿ ಮನೆ ಅಂದರೂ 20 ಲಕ್ಷ ಡಾಲರ್ ಆಸುಪಾಸು ಆಗಿಹೋಗಿದೆ. ಇಬ್ಬರೂ ದುಡಿದರೂ ಅದು ಕೈಗೆ ಸಿಗುವ ಮಾತಲ್ಲ. ಹಾಗಾಗಿ ಡಲ್ಲಾಸ್‌ನ ಉತ್ತರಕ್ಕಿರುವ ಕಾಲಿನ್ ಕೌಂಟಿಯ ಮೇಲೆ ಕಣ್ಣು ಬಿತ್ತು. ಪ್ಲೇನೊ, ಫ್ರಿಸ್ಕೊ, ಆಲನ್, ಮಕಿನ್ನಿ ಇರುವ ಕೌಂಟಿ ಅದು. ಗಂಡನ ಕಂಪನಿಗೆ ಅಲ್ಲಿ ಆಫೀಸಿದೆ. ಫ್ರಿಸ್ಕೊದಲ್ಲಿ ಹನುಮಂತನ ದೇವಸ್ಥಾನವಿದೆ, ಡಲ್ಲಾಸ್ ಭಾಗದಲ್ಲಿ ಮಲ್ಲಿಗೆ ಕನ್ನಡ ಸಂಘವಿದೆ, ಗೆಳೆಯರು ಆಗಲೇ ಹೋಗಿ ನೆಲೆಸಿದ್ದಾರೆ. 6 ಲಕ್ಷ ಡಾಲರಿಗೆ ನಾಲ್ಕು ಬೆಡ್‌ರೂಮಿನ ಮನೆ, ಹಿಂದೆ ಒಂದಿಷ್ಟು ಹಿತ್ತಲು. ಆಸೆ ತಪ್ಪಲ್ಲ. ಮಗು ಓಡಾಡೋಕೆ ಜಾಗ ಇರಲಿ, ಊರಿಂದ ಅಪ್ಪ ಅಮ್ಮ ಬಂದರೆ ಅವರಿಗೊಂದು ರೂಮ್ ಇರಲಿ ಅಂತ ಯಾರಿಗೆ ಅನ್ನಿಸುವುದಿಲ್ಲ?

24 ಸಾವಿರ ಅಂದುಕೊಂಡಿದ್ದು ಎಷ್ಟಾಯಿತು

ಗಂಡ ಮೊದಲು ಹಾಕಿಟ್ಟಿದ್ದ ಲೆಕ್ಕ ಒಂದೇ ಸಾಲಿನದು. "ಕ್ಯಾಲಿಫೋರ್ನಿಯಾದಲ್ಲಿ ನಾವು 9.3 ಪರ್ಸೆಂಟ್ ಸ್ಲ್ಯಾಬ್‌ನಲ್ಲಿದ್ದೀವಿ. 2,63,000ಕ್ಕೆ 9.3 ಅಂದ್ರೆ 24 ಸಾವಿರದ ಮೇಲೆ. ಅಷ್ಟೂ ಉಳಿಯುತ್ತೆ ಅಲ್ವಾ ಅಣ್ಣ?"

ಉಳಿಯುವುದಿಲ್ಲ. ಸ್ಲ್ಯಾಬ್ ದರ ಇಡೀ ಆದಾಯಕ್ಕೆ ಬೀಳುವುದಿಲ್ಲ, ಮೇಲಿನ ಪಾಲಿಗೆ ಮಾತ್ರ ಬೀಳುತ್ತದೆ. 2024ರ ಡಬ್ಲ್ಯು-2, ಅಂದರೆ ಕಂಪನಿ ಕೊಡುವ ವರ್ಷದ ಸಂಬಳದ ಪತ್ರ ಇಟ್ಟುಕೊಂಡು ಕೂತೆವು. ಇಬ್ಬರ 401ಕೆ ನಿವೃತ್ತಿ ಉಳಿತಾಯ ಸೇರಿ 28,000 ಹೋಗುತ್ತದೆ, ಹೆಲ್ತ್ ಇನ್ಶೂರೆನ್ಸ್ ಕಂತು 6,000. ಉಳಿದದ್ದು 2,29,000. ಜೋಡಿಯಾಗಿ ರಿಟರ್ನ್ ಹಾಕುವವರಿಗೆ ಆ ವರ್ಷ ಕ್ಯಾಲಿಫೋರ್ನಿಯಾ ಕೊಟ್ಟ ಸ್ಟ್ಯಾಂಡರ್ಡ್ ಡಿಡಕ್ಷನ್ 11,080. ಅದನ್ನೂ ಕಳೆದರೆ ತೆರಿಗೆ ಬೀಳುವುದು 2,17,920ಕ್ಕೆ. ಇದರಲ್ಲಿ ಮೊದಲ 1,41,212ಕ್ಕೆ 1ರಿಂದ 8 ಪರ್ಸೆಂಟ್ ದರ. 9.3 ಬೀಳುವುದು ಅದರ ಮೇಲಿನ 76 ಸಾವಿರ ಚಿಲ್ಲರೆಗೆ. ಮಗುವಿನ ಹೆಸರಿನ ರಿಯಾಯಿತಿ ಎಲ್ಲಾ ಕಳೆದು ರಾಜ್ಯದ ತೆರಿಗೆ ಸುಮಾರು 12,600.

ಇದರ ಜೊತೆ ಸಂಬಳದ ಚೀಟಿಯಲ್ಲಿ ಎಸ್‌ಡಿಐ (ಸ್ಟೇಟ್ ಡಿಸೆಬಿಲಿಟಿ ಇನ್ಶೂರೆನ್ಸ್) ಅಂತ ಒಂದು ಕಡಿತ ಇರುತ್ತದೆ. 2024ರಲ್ಲಿ ದರ 1.1 ಪರ್ಸೆಂಟ್. ಅದಕ್ಕಿದ್ದ ಮೇಲ್ಮಿತಿಯನ್ನು ಆ ವರ್ಷದಿಂದಲೇ ತೆಗೆದಿದ್ದಾರೆ, ಹಾಗಾಗಿ ಪೂರ್ತಿ ಸಂಬಳಕ್ಕೆ ಬೀಳುತ್ತದೆ. ಹೆಲ್ತ್ ಇನ್ಶೂರೆನ್ಸ್ ಕಂತು ಕಳೆದು ಇಬ್ಬರದ್ದೂ ಸೇರಿ 2,830 ಹತ್ತಿರ. ಎರಡೂ ಕೂಡಿದರೆ 15,400 ಡಾಲರ್. ಟೆಕ್ಸಾಸ್‌ಗೆ ಹೋದರೆ ಉಳಿಯುವ ತೆರಿಗೆ ಇಷ್ಟು. ಸಣ್ಣ ಮೊತ್ತ ಅಲ್ಲ, ಆದರೆ 24 ಸಾವಿರವೂ ಅಲ್ಲ.

ಇನ್ನು ಸಂಬಳದ ಮಾತು. ದೊಡ್ಡ ಕಂಪನಿಗಳು ಊರಿಗೊಂದು ಸಂಬಳದ ಪಟ್ಟಿ ಇಟ್ಟುಕೊಂಡಿರುತ್ತವೆ. ಈ ಕಂಪನಿಯ ಪಟ್ಟಿಯಲ್ಲಿ ಡಲ್ಲಾಸ್ ಭಾಗಕ್ಕೆ 10 ಪರ್ಸೆಂಟ್ ಕಡಿಮೆ. 1,75,000 ಇದ್ದದ್ದು 1,57,500 ಆಗುತ್ತದೆ. ಹೆಂಡತಿಯ ಕೆಲಸಕ್ಕೆ ಅಲ್ಲಿ ಆಫೀಸಿಲ್ಲ, ಹೊಸ ಕೆಲಸ ಹುಡುಕಬೇಕು. ಅವರ ಅನುಭವಕ್ಕೆ ಆ ಕಡೆ ಜಾಹೀರಾತಿನಲ್ಲಿ ಕಾಣುತ್ತಿದ್ದ ಸಂಬಳ ನೋಡಿ 80,000 ಅಂತ ಹಿಡಿದೆವು.

ಎರಡೂ ಕಡೆಯ ಕೈಗೆ ಬರುವ ಸಂಬಳವನ್ನು ಪಕ್ಕಪಕ್ಕ ಬರೆದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಫೆಡರಲ್ ತೆರಿಗೆ, ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್, 401ಕೆ ಎಲ್ಲಾ ಕಳೆದು ಸನ್ನಿವೇಲ್‌ನಲ್ಲಿ ತಿಂಗಳಿಗೆ 13,485. ಕಾಲಿನ್ ಕೌಂಟಿಯಲ್ಲಿ 13,278. ರಾಜ್ಯದ ತೆರಿಗೆ ಪೂರ್ತಿ ಹೋದರೂ, ಸಂಬಳ ಇಳಿದಿದ್ದಕ್ಕೆ ಕೈಗೆ ಬರುವುದು ತಿಂಗಳಿಗೆ 200 ಡಾಲರ್ ಕಡಿಮೆಯೇ ಆಯಿತು.

ಅಲ್ಲಿಗೆ ತೆರಿಗೆಯ ಮಾತು ಮುಗಿಯಿತು. ಲಾಭ ಇದ್ದರೆ ಅದು ಖರ್ಚಿನ ಕಡೆಯಿಂದ ಬರಬೇಕು.

ಒಂದು ಮಾತು ಇಲ್ಲೇ ಸೇರಿಸುತ್ತೇನೆ, ತುಂಬಾ ಜನಕ್ಕೆ ಇದು ಗೊತ್ತಿರುವುದಿಲ್ಲ. ಕಂಪನಿ ಇಂದು ಕೊಟ್ಟು ಮುಂದೆ ಹಂತ ಹಂತವಾಗಿ ಕೈಗೆ ಬರುವ ಆರ್‌ಎಸ್‌ಯು ಷೇರುಗಳು ಟೆಕ್ಸಾಸ್‌ಗೆ ಹೋದ ಮೇಲೆ ಕೈಗೆ ಬಂದರೂ ಕ್ಯಾಲಿಫೋರ್ನಿಯಾ ತನ್ನ ಪಾಲು ಕೇಳುತ್ತದೆ. ಷೇರು ಕೊಟ್ಟ ದಿನದಿಂದ ಕೈಗೆ ಬರುವ ದಿನದವರೆಗೆ ಎಷ್ಟು ದಿನ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿದ್ದೀರೋ, ಅಷ್ಟರ ಮಟ್ಟಿಗೆ ಅಲ್ಲಿ ತೆರಿಗೆ ಕಟ್ಟಬೇಕು. ಹೋದ ಮೇಲೂ ಒಂದೆರಡು ವರ್ಷ ಅಲ್ಲಿನ ನಾನ್‌ರೆಸಿಡೆಂಟ್ ರಿಟರ್ನ್ ಹಾಕಬೇಕಾಗಬಹುದು. ಇವರಿಗೂ ಷೇರು ಇತ್ತು. ಅದು ಏರಿಳಿಯುವ ದುಡ್ಡು, ಅದನ್ನು ನಂಬಿ ಸಂಸಾರ ನಡೆಸುವುದು ಬೇಡ ಅಂತ ತಿಂಗಳ ಲೆಕ್ಕದಿಂದ ಹೊರಗಿಟ್ಟೆವು.

ಮನೆಯ ಲೆಕ್ಕ

ಹೆಚ್ಚು ಹೊತ್ತು ಹಿಡಿದಿದ್ದು ಇದೇ. ಹೆಚ್ಚು ಜನ ಎಡವುವುದೂ ಇಲ್ಲೇ ಅಂತ ನನ್ನ ಅನಿಸಿಕೆ.

ಆದಾಯ ತೆರಿಗೆ ಇಲ್ಲದ ಟೆಕ್ಸಾಸ್‌ನಲ್ಲಿ ಶಾಲೆ, ನಗರ, ಕೌಂಟಿ ಎಲ್ಲವೂ ಬಹುಪಾಲು ಆಸ್ತಿ ತೆರಿಗೆಯ ಮೇಲೆ ನಡೆಯುತ್ತವೆ. "ಕಾಲಿನ್ ಕೌಂಟಿಯಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಎಷ್ಟು?" ಅಂತ ಎಲ್ಲರೂ ಕೇಳುತ್ತಾರೆ. ಕೌಂಟಿಯ ಪಾಲು ಅದರಲ್ಲಿ ಸಣ್ಣದು. ಕಾಲಿನ್ ಕೌಂಟಿ ತೆಗೆದುಕೊಳ್ಳುವುದು 100 ಡಾಲರ್ ಬೆಲೆಗೆ 15 ಸೆಂಟ್ ಹತ್ತಿರ. ಕಮ್ಯುನಿಟಿ ಕಾಲೇಜಿಗೆ 8 ಸೆಂಟ್. ಫ್ರಿಸ್ಕೊ ನಗರಕ್ಕೆ 42-43 ಸೆಂಟ್. ಶಾಲಾ ಜಿಲ್ಲೆಗೆ, ಅಂದರೆ ಐಎಸ್‌ಡಿಗೆ, ಒಂದು ಡಾಲರ್ ಮೇಲೆ ಎರಡು ಮೂರು ಸೆಂಟ್. ಒಟ್ಟು 1.68ರ ಆಸುಪಾಸು. ಅಂದರೆ ನೀವು ಯಾವ ಕೌಂಟಿಗೆ ಹೋಗುತ್ತೀರಿ ಅನ್ನುವುದಕ್ಕಿಂತ ನಿಮ್ಮ ಬೀದಿ ಯಾವ ಶಾಲಾ ಜಿಲ್ಲೆಗೆ, ಯಾವ ನಗರಕ್ಕೆ ಸೇರಿದೆ ಅನ್ನುವುದು ದೊಡ್ಡದು. ಫ್ರಿಸ್ಕೊ ಊರೇ ಎರಡು ಕೌಂಟಿಗಳಲ್ಲಿ ಹರಡಿಕೊಂಡಿದೆ, ಒಂದು ಭಾಗ ಕಾಲಿನ್, ಇನ್ನೊಂದು ಡೆಂಟನ್.

6 ಲಕ್ಷದ ಮನೆಗೆ ಲೆಕ್ಕ ಹಾಕಿದೆವು. ನಾವೇ ವಾಸವಿರುವ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ ಇದೆ. ಆಗ ಶಾಲಾ ತೆರಿಗೆಯಲ್ಲಿ ಮನೆ ಬೆಲೆಯ ಮೊದಲ 1 ಲಕ್ಷ ಡಾಲರ್ ಬಿಡುತ್ತಿದ್ದರು. ನಗರ, ಕೌಂಟಿ ಕೊಡುವ ಸಣ್ಣಪುಟ್ಟ ರಿಯಾಯಿತಿ ಬಿಟ್ಟು ವರ್ಷಕ್ಕೆ 9,070 ಡಾಲರ್ ಆಯಿತು. ತಿಂಗಳಿಗೆ 756.

ಆದರೆ ಅವರು ಮನಸ್ಸು ಕೊಟ್ಟಿದ್ದ ಮನೆ ಫ್ರಿಸ್ಕೊದ್ದಲ್ಲ. ಇನ್ನೂ ಉತ್ತರಕ್ಕೆ, ಹೊಲಗಳಿದ್ದ ಕಡೆ ಹೊಸದಾಗಿ ಎದ್ದ ಲೇಔಟಿನದು. ಜಾಹೀರಾತಿನ ಪುಟದಲ್ಲಿ ಹಿಂದಿನ ವರ್ಷದ ತೆರಿಗೆ 2,100 ಡಾಲರ್ ಅಂತಿತ್ತು. ಹೆಂಡತಿ ಅದನ್ನೇ ತೋರಿಸಿ, "ನೋಡಿ ಅಣ್ಣ, ಎಷ್ಟು ಕಡಿಮೆ ಇದೆ" ಅಂದರು.

ಆ 2,100 ಮನೆಯ ತೆರಿಗೆಯಲ್ಲ, ಸೈಟಿನ ತೆರಿಗೆ. ಟೆಕ್ಸಾಸ್‌ನಲ್ಲಿ ಜನವರಿ 1ರಂದು ಅಲ್ಲಿ ಏನಿತ್ತೋ ಅದಕ್ಕೆ ಬೆಲೆ ಕಟ್ಟುತ್ತಾರೆ. ಆ ದಿನ ಅಲ್ಲಿ ಬರೀ ಖಾಲಿ ಜಾಗ ಇದ್ದರೆ ಆ ವರ್ಷದ ತೆರಿಗೆ ಖಾಲಿ ಜಾಗಕ್ಕಷ್ಟೇ. ಮುಂದಿನ ವರ್ಷ ಪೂರ್ತಿ ಮನೆಗೆ ಬರುತ್ತದೆ. ಇದರ ಮೇಲೆ ಆ ಲೇಔಟ್ ಮಡ್ ಒಂದರಲ್ಲಿತ್ತು. ನೀರು, ಒಳಚರಂಡಿ, ರಸ್ತೆ ಹಾಕಲು ಬಾಂಡ್ ಎತ್ತಿ, ಆ ಸಾಲವನ್ನು ಮನೆಯವರಿಂದ ತೆರಿಗೆಯಾಗಿ ವಸೂಲಿ ಮಾಡುವ ಜಿಲ್ಲೆ ಅದು. ಎಲ್ಲಾ ಸೇರಿ ದರ 100ಕ್ಕೆ 2.45 ಡಾಲರ್. ವಿನಾಯಿತಿ ಕಳೆದರೂ ವರ್ಷಕ್ಕೆ 13,500 ಹತ್ತಿರ. ಬ್ಯಾಂಕು ಮೊದಲ ವರ್ಷ ಆ 2,100 ನೋಡಿ ಎಸ್ಕ್ರೊ (ತೆರಿಗೆಗೆ ಅಂತ ಕಂತಿನ ಜೊತೆ ತಿಂಗಳು ತಿಂಗಳು ಎತ್ತಿಡುವ ದುಡ್ಡು) ಹಿಡಿದರೆ ಎರಡನೇ ವರ್ಷ ತಿಂಗಳ ಕಂತು ಒಂದೇ ಸಲ 950 ಡಾಲರ್ ಏರುತ್ತದೆ. ಹಿಂದೆ ಕಡಿಮೆ ಬಿದ್ದಿದ್ದನ್ನೂ ತುಂಬಬೇಕು. ಆ ಪತ್ರ ಬಂದಾಗ ಎಷ್ಟೋ ಮನೆಗಳಲ್ಲಿ ನಿದ್ದೆ ಹೋಗುತ್ತದೆ. ಮನೆ ನೋಡುವ ಮೊದಲೇ ಆಸ್ತಿಗೆ ಬೆಲೆ ಕಟ್ಟುವ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ಆ ವಿಳಾಸ ಹಾಕಿ ಯಾವ್ಯಾವ ಸಂಸ್ಥೆ ತೆರಿಗೆ ಹಾಕುತ್ತದೆ ಅಂತ ನೋಡಿಕೊಳ್ಳಿ. ಐದು ನಿಮಿಷದ ಕೆಲಸ.

ಆ ಮನೆ ಕೈಬಿಟ್ಟು, ಮಡ್ ಇಲ್ಲದ ಫ್ರಿಸ್ಕೊ ಮನೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡೆವು. 1,20,000 ಮುಂಗಡ, 4,80,000 ಸಾಲ, ಬಡ್ಡಿ 6.75 ಪರ್ಸೆಂಟ್, 30 ವರ್ಷ. ಕಂತು 3,113. ಇದರಲ್ಲಿ ಮೊದಲ ತಿಂಗಳು ಬಡ್ಡಿಯೇ 2,700, ಅಸಲಿಗೆ ಹೋಗುವುದು 413. ಮನೆ ಇನ್ಶೂರೆನ್ಸ್‌ಗೆ ಸಿಕ್ಕ ದರ ವರ್ಷಕ್ಕೆ 4,200. ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆಗಿರುವವರಿಗೆ ಈ ಅಂಕಿ ನೋಡಿ ಆಶ್ಚರ್ಯ ಆಗುತ್ತದೆ. ಉತ್ತರ ಟೆಕ್ಸಾಸ್‌ನಲ್ಲಿ ಆಲಿಕಲ್ಲು ಮಳೆ ಬಂದರೆ ಮನೆಯ ಮೇಲ್ಛಾವಣಿ ಹಾಳಾಗುತ್ತದೆ, ಕಾರಣ ಅದು. ಆಲಿಕಲ್ಲಿನ ಹಾನಿಗೆ ಪಾಲಿಸಿಯಲ್ಲಿ ಬೇರೆಯೇ ಡಿಡಕ್ಟಿಬಲ್ ಇರುತ್ತದೆ. ವಿಮೆ ಮಾಡಿಸಿದ ಬೆಲೆಯ 1 ಅಥವಾ 2 ಪರ್ಸೆಂಟ್. 6 ಲಕ್ಷಕ್ಕೆ 2 ಪರ್ಸೆಂಟ್ ಅಂದರೆ ಮೊದಲ 12,000 ನಮ್ಮ ಕೈಯಿಂದಲೇ. ಎಚ್‌ಒಎ, ಅಂದರೆ ಲೇಔಟಿನ ಮನೆಯವರ ಸಂಘದ ಶುಲ್ಕ, ತಿಂಗಳಿಗೆ 75, ರಿಪೇರಿಗೆ ಅಂತ ತೆಗೆದಿಡುವುದು 400. ಒಟ್ಟು ಮನೆಯ ಖರ್ಚು ತಿಂಗಳಿಗೆ 4,694. ಸನ್ನಿವೇಲ್ ಬಾಡಿಗೆಗಿಂತ ಸಾವಿರ ಡಾಲರ್ ಜಾಸ್ತಿ.

ತಿಂಗಳ ಖರ್ಚಿನ ಮೂರು ಪಟ್ಟಿ

ಸನ್ನಿವೇಲ್‌ನ ಈಗಿನ ಖರ್ಚು ತಿಂಗಳಿಗೆ 11,110. ಬಾಡಿಗೆ, ಡೇಕೇರ್, ಒಂದು ಕಾರು, ದಿನಸಿ, ಹೊರಗಿನ ಊಟ, ಎರಡೂ ಕಡೆಯ ಅಪ್ಪ ಅಮ್ಮಂದಿರಿಗೆ ಕಳಿಸುವ 800, ಊರಿಗೆ ಹೋಗಿಬರಲು ಎತ್ತಿಡುವ 500, ಎಲ್ಲವೂ ಇದರಲ್ಲಿವೆ. ಉಳಿಯುವುದು 2,375.

ಫ್ರಿಸ್ಕೊ ಮನೆ ಕೊಂಡರೆ ಖರ್ಚು 12,104. ಡೇಕೇರ್ 1,500ಕ್ಕೆ ಇಳಿಯುತ್ತದೆ, ದಿನಸಿ ಸ್ವಲ್ಪ ಅಗ್ಗ. ಆದರೆ ಎರಡನೇ ಕಾರು ಇಲ್ಲದೆ ಆಗುವುದಿಲ್ಲ. ಗಂಡ ಇಲ್ಲಿ ಕಂಪನಿ ಬಸ್ಸಿನಲ್ಲಿ ಹೋಗುತ್ತಿದ್ದರು, ಅಲ್ಲಿ ಅದಿಲ್ಲ. ಕಾರಿನ ಕಂತು 550, ಇನ್ಶೂರೆನ್ಸ್ ಹೆಚ್ಚಾಗುತ್ತದೆ, ಟೋಲ್ ರಸ್ತೆಗೆ ತಿಂಗಳಿಗೆ 120. ದೊಡ್ಡ ಮನೆಗೆ ಬೇಸಿಗೆಯಲ್ಲಿ ಎಸಿ ಓಡುತ್ತಲೇ ಇರಬೇಕು. ಮನೆ ಸಾಲದ ಬಡ್ಡಿ ತೋರಿಸಿ ಫೆಡರಲ್ ತೆರಿಗೆಯಲ್ಲಿ ಸಿಗುವ ಉಳಿತಾಯ ತಿಂಗಳಿಗೆ 240. ಅದನ್ನೂ ಸೇರಿಸಿದರೆ ಕೊನೆಗೆ ಉಳಿಯುವುದು 1,410. ಜೊತೆಗೆ ಮನೆಯಲ್ಲಿ ಸೇರುವ ಅಸಲು 413. ಆದರೂ ಸನ್ನಿವೇಲ್‌ನ 2,375ಕ್ಕಿಂತ ಕಡಿಮೆಯೇ.

ಮೂರನೆಯದು ಅವರ ಪಟ್ಟಿಯಲ್ಲಿ ಇರಲೇ ಇಲ್ಲ. ನಾನೇ ಕೇಳಿದೆ: "ಇಲ್ಲಿ ಹೇಗಿದ್ದೀರೋ ಅಲ್ಲೂ ಹಾಗೇ ಇದ್ದರೆ?" ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್, ಬಾಡಿಗೆ 1,900. ಎರಡನೇ ಕಾರು, ಟೋಲ್ ಎಲ್ಲಾ ಸೇರಿದರೂ ಖರ್ಚು 9,160. ಉಳಿಯುವುದು 4,118. ಇಲ್ಲಿಗಿಂತ ತಿಂಗಳಿಗೆ 1,740 ಜಾಸ್ತಿ.

ನನ್ನ ಮಾತಿನ ತಿರುಳು ಇಷ್ಟೇ. ಟೆಕ್ಸಾಸ್ ಇವರಿಗೆ ನಿಜಕ್ಕೂ ಅಗ್ಗ. ಆ ಅಗ್ಗ ಬಂದಿದ್ದು ತೆರಿಗೆಯಿಂದಲ್ಲ, ಬಾಡಿಗೆ ಮತ್ತು ಡೇಕೇರ್‌ನಿಂದ. ದೊಡ್ಡ ಮನೆ ಕೊಂಡ ದಿನವೇ ಆ ಉಳಿತಾಯವನ್ನೂ ಮನೆ ನುಂಗುತ್ತದೆ, ಮೇಲೆ ಇನ್ನಷ್ಟು ಕೇಳುತ್ತದೆ. ಇಲ್ಲಿನ ಎರಡು ಬೆಡ್‌ರೂಮ್ ಫ್ಲಾಟಿನ ಜೊತೆ ಅಲ್ಲಿನ ನಾಲ್ಕು ಬೆಡ್‌ರೂಮ್ ಬಂಗಲೆಯನ್ನು ತೂಗಿ "ಅಲ್ಲಿ ಅಗ್ಗ" ಅನ್ನುವುದು ಸರಿಯಲ್ಲ. ಮನೆ ಬೇಕು ಅಂತಿದ್ದರೆ ಕೊಳ್ಳಿ, ಅದು ನಿಮ್ಮ ಆಸೆಗೆ ಕೊಡುವ ಬೆಲೆ. ಉಳಿತಾಯ ಅಂತ ಮಾತ್ರ ಕರೆಯಬೇಡಿ.

ವಿಳಾಸದ ಮಾತು ಸಾಂಟಾ ಕ್ಲಾರಾ ಕೌಂಟಿಗೂ ಸಲ್ಲುತ್ತದೆ. ಸನ್ನಿವೇಲ್‌ಗೆ ಕರೆಂಟು ತರುವ ತಂತಿ ಪಿಜಿಅಂಡ್‌ಇ ಕಂಪನಿಯದು. ಪಕ್ಕದ ಸಾಂಟಾ ಕ್ಲಾರಾ ನಗರಕ್ಕೆ ತನ್ನದೇ ವಿದ್ಯುತ್ ಸಂಸ್ಥೆ ಇದೆ, ದರ ಎದ್ದು ಕಾಣುವಷ್ಟು ಕಡಿಮೆ. ಅದೇ ಕೌಂಟಿ, ಮೂರು ಮೈಲಿ ಆಚೆ ಬೇರೆ ಬಿಲ್ಲು. ಕಾಲಿನ್ ಕೌಂಟಿಯ ಬಹಳಷ್ಟು ಕಡೆ ಕರೆಂಟಿನ ಕಂಪನಿಯನ್ನು ನಾವೇ ಆರಿಸಿಕೊಳ್ಳಬೇಕು. 1,000 ಯೂನಿಟ್‌ಗೆ ಅಗ್ಗ ಕಾಣುವ ಪ್ಲಾನು 2,000 ಯೂನಿಟ್‌ಗೆ ಅಗ್ಗ ಇರಲಿಕ್ಕಿಲ್ಲ. ಪ್ರತಿ ಪ್ಲಾನಿನ ಜೊತೆ ಕೊಡುವ ಚೀಟಿಯಲ್ಲಿ ಎರಡೂ ದರ ಇರುತ್ತವೆ, ನೋಡಿಯೇ ಸಹಿ ಹಾಕಿ. ದಿನಸಿಗೆ ಎರಡೂ ರಾಜ್ಯಗಳಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ಬೇರೆ ಸಾಮಾನಿಗೆ ಟೆಕ್ಸಾಸ್‌ನಲ್ಲಿ ಹೆಚ್ಚೆಂದರೆ 8.25, ಇಲ್ಲಿ 9ರ ಮೇಲೆ. ಅದರಿಂದ ತೀರ್ಮಾನ ಬದಲಾಗುವುದಿಲ್ಲ.

ಒಬ್ಬರ ಸಂಬಳ ನಿಂತರೆ

ಹೆಂಡತಿಗೆ ಅಲ್ಲಿ ಕೆಲಸ ಸಿಗುವುದು ತಡವಾದರೆ? ಇದನ್ನು ಕೇಳಲು ಇಬ್ಬರಿಗೂ ಮನಸ್ಸಿರಲಿಲ್ಲ. ಆದರೂ ಹಾಕಿದೆವು. ಮಗು ಮನೆಯಲ್ಲೇ ಇರಲಿ, ಡೇಕೇರ್ ಬೇಡ ಅಂದುಕೊಂಡು ನೋಡಿದರೆ ಸನ್ನಿವೇಲ್‌ನಲ್ಲಿ ತಿಂಗಳಿಗೆ 660 ಉಳಿಯುತ್ತದೆ. ಕಾಲಿನ್ ಕೌಂಟಿಯ ಅಪಾರ್ಟ್‌ಮೆಂಟಿನಲ್ಲಿ 1,250 ಉಳಿಯುತ್ತದೆ. ಫ್ರಿಸ್ಕೊ ಮನೆಯಲ್ಲಿ ತಿಂಗಳಿಗೆ 1,520 ಕೊರತೆ.

ಆ ಕೊರತೆ ತುಂಬಲು ಬ್ಯಾಂಕಿನಲ್ಲಿ ಎಷ್ಟಿರುತ್ತದೆ? 1,40,000ದಲ್ಲಿ ಮುಂಗಡಕ್ಕೆ 1,20,000 ಹೋಯಿತು. ಸಾಮಾನು ಸಾಗಣೆ, ಲೀಸ್ ಮುರಿದಿದ್ದಕ್ಕೆ ದಂಡ, ವಿಮಾನದ ಟಿಕೆಟ್, ಕೆಲವು ವಾರ ಎರಡೂ ಕಡೆ ಬಾಡಿಗೆ ಸೇರಿ 11,000 ಬೇಕಿತ್ತು. 2018ರಿಂದ ಸಾಗಣೆ ಖರ್ಚನ್ನು ಫೆಡರಲ್ ತೆರಿಗೆಯಲ್ಲಿ ಕಳೆಯುವ ಹಾಗಿಲ್ಲ, ಸೈನ್ಯದವರಂಥ ಕೆಲವರಿಗೆ ಬಿಟ್ಟು. ಕಂಪನಿ ಕೊಟ್ಟರೂ ಅದು ಸಂಬಳದ ಹಾಗೆ ತೆರಿಗೆಗೆ ಸೇರುತ್ತದೆ. ಉಳಿದದ್ದು 9,000. ರಿಜಿಸ್ಟ್ರೇಷನ್, ಬ್ಯಾಂಕ್ ಫೀಸು ಇನ್ನೂ ಕಟ್ಟಬೇಕು. ಒಂದು ತಿಂಗಳ ಖರ್ಚಿಗೂ ಸಾಲದು.

ವೀಸಾದಲ್ಲಿರುವವರಿಗೆ ಇದು ಬೇರೆಯವರಿಗಿಂತ ಗಂಭೀರ. ಕೆಲಸ ಹೋದರೆ ಎಚ್-1ಬಿಯವರಿಗೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಹೊರಡಬೇಕು. ಬಾಡಿಗೆ ಮನೆ ಬಿಡುವುದು ಸುಲಭ. ಕೊಂಡ ಮನೆಯನ್ನು 60 ದಿನದಲ್ಲಿ ಮಾರುವುದು ಕಷ್ಟ, ಕೊಂಡ ಮೊದಲ ವರ್ಷದಲ್ಲೇ ಮಾರಿದರೆ ನಷ್ಟ. ಅಮೆರಿಕದವರು ಬರೆದ ಮನೆ ಖರೀದಿಯ ಸಲಹೆಗಳಲ್ಲಿ ಈ ಮಾತು ಇರುವುದಿಲ್ಲ, ಅವರಿಗೆ ಅದು ಬೇಕಾಗಿಲ್ಲ. ನಮ್ಮವರಿಗೆ ಬೇಕು. ಆರು ತಿಂಗಳ ಖರ್ಚು ಪಕ್ಕಕ್ಕಿಡದೆ ಮನೆಗೆ ಮುಂಗಡ ಕೊಡಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳಿದೆ.

ವೀಸಾದ ಇನ್ನೊಂದು ಕೊಂಡಿಯೂ ಇತ್ತು. ಅದೇ ಕಂಪನಿಯಲ್ಲೇ ಇದ್ದರೂ ಕೆಲಸದ ಜಾಗ ಬೇರೆ ಮಹಾನಗರ ವ್ಯಾಪ್ತಿಗೆ ಹೋದರೆ ಎಚ್-1ಬಿಗೆ ತಿದ್ದುಪಡಿ ಅರ್ಜಿ ಹಾಕಬೇಕು. 2015ರಿಂದ ಇದು ಖಚಿತ ನಿಯಮ, ಹೋಗುವ ಮೊದಲೇ ಹಾಕಬೇಕು. ಗ್ರೀನ್ ಕಾರ್ಡಿಗೆ ಕಂಪನಿ ಮೊದಲ ಹಂತದಲ್ಲಿ ಹಾಕುವ ಪರ್ಮ್ ಅರ್ಜಿಯಲ್ಲಿ ಕೆಲಸದ ಜಾಗ ಸನ್ನಿವೇಲ್ ಅಂತಿತ್ತು. ಜಾಗ ಶಾಶ್ವತವಾಗಿ ಬದಲಾದರೆ ಪರ್ಮ್ ಮತ್ತೆ ಮಾಡಬೇಕಾಗಬಹುದು. ಅದರ ಮುಂದಿನ ಹಂತದ ಅರ್ಜಿಯಾದ ಐ-140 ಮಂಜೂರಾಗಿರುವುದರಿಂದ ಸರದಿಯ ದಿನಾಂಕ ಕೈಬಿಟ್ಟು ಹೋಗುವುದಿಲ್ಲ. ಹೆಂಡತಿಯ ಇಎಡಿ ನಿಂತಿರುವುದೂ ಅದೇ ಐ-140 ಮೇಲೆ. ಹಾಗಾಗಿ ಮೊದಲು ಕಂಪನಿಯ ವಕೀಲರ ಹತ್ತಿರ ಮಾತು, ಆಮೇಲೆ ರಿಯಲ್ ಎಸ್ಟೇಟ್ ಏಜೆಂಟ್ ಅಂತ ಕ್ರಮ ಬದಲಿಸಿಕೊಂಡರು.

ಮಗು, ಇನ್ನೊಂದು ಮಗು

ಲೆಕ್ಕ ಮುಗಿಯಿತು ಅಂದುಕೊಂಡಾಗ ಹೆಂಡತಿ ಒಂದು ವಿಷಯ ಎತ್ತಿದರು. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ 2025ರ ಆಗಸ್ಟ್‌ನಿಂದ ನಾಲ್ಕು ತುಂಬಿದ ಎಲ್ಲಾ ಮಕ್ಕಳಿಗೂ ಟಿಕೆ, ಅಂದರೆ ಕಿಂಡರ್‌ಗಾರ್ಟನ್‌ಗೆ ಮುಂಚಿನ ವರ್ಷ, ಪುಕ್ಕಟೆ. ಸೆಪ್ಟೆಂಬರ್ 1ರೊಳಗೆ ನಾಲ್ಕು ತುಂಬಿದ್ದರೆ ಸಾಕು. ಇವರ ಮಗಳಿಗೆ ತುಂಬಿದೆ. ಶಾಲೆ ಬಿಟ್ಟ ಮೇಲಿನ ಆರೈಕೆಗೆ 900 ಕೊಟ್ಟರೂ 2,400ರ ಡೇಕೇರ್ ತಪ್ಪುತ್ತದೆ. ತಿಂಗಳಿಗೆ 1,500 ಉಳಿಯಿತು. ಸನ್ನಿವೇಲ್‌ನ ಉಳಿತಾಯ 2,375ರಿಂದ 3,875ಕ್ಕೆ ಏರಿತು.

ಟೆಕ್ಸಾಸ್‌ನ ಸರ್ಕಾರಿ ಪ್ರೀ-ಕೆ ಎಲ್ಲರಿಗೂ ಪುಕ್ಕಟೆ ಇಲ್ಲ. ಕಡಿಮೆ ಆದಾಯದವರು, ಸೈನಿಕರ ಮಕ್ಕಳು, ಹೀಗೆ ಕೆಲವರಿಗೆ ಮಾತ್ರ. ಇಂಗ್ಲಿಷ್ ಮಾತಾಡಿ ಅರ್ಥ ಮಾಡಿಕೊಳ್ಳಲು ಬಾರದ ಮಕ್ಕಳಿಗೂ ಇದೆ. ಊರಿಂದ ಈಗಷ್ಟೇ ಬಂದ, ಮನೆಯಲ್ಲಿ ಬರೀ ಕನ್ನಡ ಆಡುವ ಮಗು ಇದ್ದರೆ ನೆನಪಿಟ್ಟುಕೊಳ್ಳಿ, ಆ ಮಗುವಿಗೆ ಸಿಗಬಹುದು. ಇವರ ಮಗಳು ಡೇಕೇರ್‌ನಲ್ಲಿ ಬೆಳೆದವಳು, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಹಾಗಾಗಿ 1,500 ಡೇಕೇರ್ ಇನ್ನೊಂದು ವರ್ಷ ತಪ್ಪದು. ಆ ಒಂದು ವರ್ಷಕ್ಕೆ ಎರಡು ಊರಿನ ಅಂತರ 1,740 ಹೋಗಿ ಬರೀ 240 ಆಯಿತು.

ಎರಡನೇ ಮಗು ಬೇಕು ಅನ್ನುವ ಆಸೆಯೂ ಇತ್ತು. ಇಲ್ಲಿ ಆ ಎಸ್‌ಡಿಐ ಕಡಿತಕ್ಕೆ ಅರ್ಥ ಬರುತ್ತದೆ. ಅದು ಬರೀ ತೆರಿಗೆಯಲ್ಲ. ಹೆರಿಗೆಯ ರಜೆಗೆ, ಮಗುವಿನ ಜೊತೆ ಇರಲು ಅಪ್ಪ ಅಮ್ಮ ಇಬ್ಬರಿಗೂ ತಲಾ ಎಂಟು ವಾರ ರಜೆಗೆ ಅದರಿಂದಲೇ ದುಡ್ಡು ಬರುತ್ತದೆ. 2025ರಿಂದ ಸಂಬಳದ 70ರಿಂದ 90 ಪರ್ಸೆಂಟ್ ಕೊಡುತ್ತಾರೆ, ಆ ವರ್ಷ ವಾರಕ್ಕೆ ಹೆಚ್ಚೆಂದರೆ 1,681 ಡಾಲರ್ ಇತ್ತು. ಇವರಿಗೆ ಹಾಕಿದರೆ ಹೆಂಡತಿಗೆ ಎರಡೂ ರಜೆ ಸೇರಿ 14 ವಾರಕ್ಕೆ 16,500 ಹತ್ತಿರ, ಗಂಡನಿಗೆ ಎಂಟು ವಾರಕ್ಕೆ 13,400. ಸೇರಿ 30 ಸಾವಿರದ ಆಸುಪಾಸು. ಟೆಕ್ಸಾಸ್‌ನಲ್ಲಿ ರಾಜ್ಯದಿಂದ ಇಂಥದ್ದಿಲ್ಲ, ಕಂಪನಿ ಕೊಟ್ಟರೆ ಉಂಟು. ಫೆಡರಲ್ ಕಾನೂನಿನ 12 ವಾರದ ರಜೆಗೆ ಸಂಬಳವಿಲ್ಲ. ಅದೂ ಒಂದೇ ಕಡೆ 12 ತಿಂಗಳು ಕೆಲಸ ಮಾಡಿದ ಮೇಲಷ್ಟೇ. ಹೊಸ ಕೆಲಸಕ್ಕೆ ಸೇರಿದ ಮೊದಲ ವರ್ಷ ಹೆಂಡತಿಗೆ ಅದೂ ಇರುವುದಿಲ್ಲ.

ಏನು ಮಾಡಿದರು

2025ರಲ್ಲಿ ಹೋಗಲಿಲ್ಲ. ಮಗಳು ಆಗಸ್ಟ್‌ನಿಂದ ಟಿಕೆಗೆ ಹೋಗುತ್ತಿದ್ದಾಳೆ. ಉಳಿದ 1,500ನ್ನು ಪ್ರತಿ ತಿಂಗಳೂ ಬೇರೆ ಖಾತೆಗೆ ಹಾಕುತ್ತಿದ್ದಾರೆ.

ಈ ನಡುವೆ ನಿಯಮಗಳೂ ಬದಲಾದವು. 2025ರ ನವೆಂಬರಿನಲ್ಲಿ ಟೆಕ್ಸಾಸ್ ಮತದಾರರು ಹೋಮ್‌ಸ್ಟೆಡ್ ವಿನಾಯಿತಿಯನ್ನು 1 ಲಕ್ಷದಿಂದ 1,40,000ಕ್ಕೆ ಏರಿಸಿದರು. ಫ್ರಿಸ್ಕೊ ಮನೆಗೆ ಇದರಿಂದ ಉಳಿಯುವುದು ವರ್ಷಕ್ಕೆ 410 ಡಾಲರ್, ತಿಂಗಳಿಗೆ 34. ರಾಜ್ಯದ ಮತ್ತು ಆಸ್ತಿ ತೆರಿಗೆಯನ್ನು ಫೆಡರಲ್ ರಿಟರ್ನ್‌ನಲ್ಲಿ ಕಳೆಯುವ ಮಿತಿಯನ್ನು 10,000ದಿಂದ 40,000ಕ್ಕೆ ಏರಿಸಿದ್ದೂ ದೊಡ್ಡ ಸುದ್ದಿಯಾಯಿತು. ಇವರು ಬಾಡಿಗೆದಾರರು, ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವವರು. ಅದರಿಂದ ಇವರಿಗೆ ಒಂದು ಡಾಲರೂ ಬರಲಿಲ್ಲ.

ಹೋಗುವುದಾದರೆ 2026ರ ಬೇಸಿಗೆ, ಮಗಳು ಕಿಂಡರ್‌ಗಾರ್ಟನ್ ಸೇರುವ ಮೊದಲು. ಹೋದರೂ ಮೊದಲು ಅಪಾರ್ಟ್‌ಮೆಂಟ್, ಒಂದು ವರ್ಷ ಬಾಡಿಗೆ. ಅಲ್ಲಿನ ಬೇಸಿಗೆ, ಟೋಲ್, ಶಾಲೆ, ಬೀದಿ ಎಲ್ಲಾ ನೋಡಿದ ಮೇಲೆ ಮನೆಯ ಮಾತು. ಗಂಡನ ಹೊಸ ಸಂಬಳ ಎಷ್ಟು ಅಂತ ಎಚ್‌ಆರ್‌ನಿಂದ ಬರವಣಿಗೆಯಲ್ಲಿ ಬಂದ ಮೇಲೆ ಲೀಸ್‌ಗೆ ನೋಟಿಸು. ಹೆಂಡತಿಯ ಕೈಯಲ್ಲಿ ಆಫರ್ ಇಲ್ಲದೆ ಹೊರಡುವುದಿಲ್ಲ.

ಆ ಆಫರ್ ಎಷ್ಟಿರಬೇಕು ಅಂತಲೂ ಹಾಕಿಟ್ಟಿದ್ದೇವೆ. ಕಿಂಡರ್‌ಗಾರ್ಟನ್ ಶುರುವಾದ ಮೇಲೆ ಎರಡೂ ಕಡೆ ಡೇಕೇರ್ ಖರ್ಚು ಇಳಿಯುತ್ತದೆ. ಆಗ ಕಾಲಿನ್ ಕೌಂಟಿಯ ಬಾಡಿಗೆ ಮನೆಯಲ್ಲಿ ತಿಂಗಳಿಗೆ 1,240 ಹೆಚ್ಚು ಉಳಿಯುತ್ತದೆ, ಹೆಂಡತಿಗೆ 80,000 ಸಿಕ್ಕರೆ. ಅವರ ಸಂಬಳ 59,000ಕ್ಕೆ ಇಳಿದರೆ ಎರಡೂ ಊರು ಸಮ. ಸಾಗಣೆಯ 11,000 ಮೊದಲ ವರ್ಷದಲ್ಲೇ ವಾಪಸ್ ಬರಬೇಕು ಅಂದರೆ 75,000 ಬೇಕು. 75,000ಕ್ಕಿಂತ ಕಡಿಮೆಗೆ ಆಫರ್ ಬಂದರೆ ಇನ್ನೊಂದು ವರ್ಷ ಸನ್ನಿವೇಲ್‌ನಲ್ಲೇ ಇರುವುದು ಅಂತ ಇಬ್ಬರೂ ಒಪ್ಪಿಕೊಂಡಿದ್ದಾರೆ. ಹೆಂಡತಿ ಪ್ಲೇನೊ, ರಿಚರ್ಡ್‌ಸನ್ ಕಡೆಯ ಕಂಪನಿಗಳಿಗೆ ಅರ್ಜಿ ಹಾಕಲು ಶುರು ಮಾಡಿದ್ದಾರೆ.